ಹಿಂದಿ ಬಾಯಾರ ಹೆಡ್‌ಫೋನ್

ಹಿಂದಿ ಬಾಯಾರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಮೂಡಲಗಿಯ ಬಸ್ ಸ್ಟ್ಯಾಂಡಿನಲ್ಲಿ. "ನಿಮ್ಮ ಮೈಕಿನ ಬಾಯಾರು ಹೋದ್ರಂತಲ್ರಿ, ಪಾಪ" ಅಂದಳು ಹೂ ಮಾರುವಾಕೆ. ಮಾಲೆ ಅಳೆಯುತ್ತಿದ್ದ ಅವಳ ಕೈ ನಿಲ್ಲಲೂ ಇಲ್ಲ. ಹೂ ಅಲ್ಲೇ ಬಿಟ್ಟು ನಾನು ಅವರ ಖೋಲಿಗೆ ಓಡಿದೆ. ಅಷ್ಟರಲ್ಲಿ ಹುಕ್ಕೇರಿಯಿಂದ ಅವರ ಅಣ್ಣನ ಕಡೆಯವರು ಬಂದು ದೇಹ ಒಯ್ದಾಗಿತ್ತು. ಬಾಗಿಲಿಗೆ ಹೊಸ ಕೀಲಿ ಬಿದ್ದಿತ್ತು. ಬಾಜೂ ಖೋಲಿಯವರು, "ಹಾಲ ಹಾಕಾಕ ಬಂದಾಕಿ ನೋಡ್ಯಾಳ್ರಿ. ಎದಿ ನಿಂತಿತ್ತಂತ. ನಮಗೇನೂ ಸಪ್ಪಳ ಕೇಳಲಿಲ್ಲ" ಅಂದರು. ಬಾಯಾರು ಕೂಗಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕೂಗಿರಲಿಕ್ಕಿಲ್ಲ ಅಂತ ನನಗನ್ನಿಸುತ್ತದೆ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆಲ್ಲ ಬಾಯಾರು ಅನ್ನುವ ರೂಢಿ. ತೊಂಬತ್ತರ ದಶಕದ ಮೊದಲಲ್ಲಿ ನಾನು ಮೂಡಲಗಿಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಸೇರಿದಾಗ ಅವರು ಅಲ್ಲಿ ಹಿಂದಿ ಕಲಿಸುತ್ತ ಅರ್ಧ ಕೂದಲು ನರೆಸಿಕೊಂಡಿದ್ದರು. ಹೆಸರು ಇಲ್ಲಿ ಬೇಡ. ಅವರ ಮನೆತನ ಹುಕ್ಕೇರಿಯಲ್ಲಿ ಇನ್ನೂ ಇದೆ, ಹೆಸರು ಬರೆದರೆ ಗುರುತು ಹಿಡಿಯುವವರು ಬಹಳ. ಜೈನರ ಮನೆ. ಹೊಲ ಇತ್ತು, ಪೇಟೆಯಲ್ಲಿ ಕಾಳಿನ ವ್ಯಾಪಾರ ಇತ್ತು. ಮನೆಯೊಳಗೆ ಮರಾಠಿ, ಹೊರಗೆ ಕನ್ನಡ. ಮದುವೆಯಾದ ವರ್ಷವೇ ಗಂಡ ತೀರಿಕೊಂಡಿದ್ದ. ತವರಿಗೆ ತಿರುಗಿ ಬಂದ ಮಗಳನ್ನು ತಂದೆ ಓದಿಸಿದರು. ತಂದೆ ಹೋದ ಮೇಲೆ ಮನೆ ಅಣ್ಣನದಾಯಿತು. ಇವರು ಮೂಡಲಗಿಯಲ್ಲಿ ಒಂದು ಖೋಲಿ ಹಿಡಿದು ಒಬ್ಬರೇ ಇದ್ದರು. ಶನಿವಾರ ಸಾಲಿ ಬಿಟ್ಟೊಡನೆ ಗೋಕಾಕ ಹಾಯ್ದು ಹುಕ್ಕೇರಿಗೆ ಹೋಗುವರು, ಸೋಮವಾರ ಮುಂಜಾನೆ ಅದೇ ದಾರಿಯಲ್ಲಿ ಬಂದು ನೇರ ಕ್ಲಾಸಿಗೆ ಹೊಕ್ಕುಬಿಡುವರು.

ಎತ್ತರದ ಹೆಂಗಸು. ನಗು ಕಡಿಮೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ನೇಮ, ಹಾಗಾಗಿ ಸಾಲಿಯ ಸಂಜೆಯ ಕಾರ್ಯಕ್ರಮಗಳಲ್ಲಿ ಅವರ ಪಾಲಿನ ಚುರುಮುರಿ ಯಾವಾಗಲೂ ನನಗೆ. ಮಾತು ನೆಟ್ಟಗೆ, ಒಂದೊಂದು ಅಕ್ಷರವನ್ನೂ ತೊಳೆದಿಟ್ಟಂತೆ. ಯಾರಾದರೂ ಅಕ್ಷರ ಕೆಡಿಸಿದರೆ ಅನ್ನದಲ್ಲಿ ಹರಳು ಸಿಕ್ಕವರಂತೆ ಮುಖ ಮಾಡುತ್ತಿದ್ದರು. ನಾವೋ ಶಾಲೆಗೆ ಸಾಲಿ ಅನ್ನುವ ಜನ. ನಮ್ಮ ಹುಡುಗಿಯರ ಬಾಯಲ್ಲಿ ಶ ಅನ್ನುವುದೆಲ್ಲ ಸ.

"ಶೇರ್ ಅಂದ್ರ ಹುಲಿಯಂಥಾದ್ದು, ಅಡವ್ಯಾಗ ಇರತೈತಿ. ಸೇರ್ ಅಂದ್ರ ಜ್ವಾಳಾ ಅಳಿಯೂದು. ಅಡವ್ಯಾಗ ಹೋಗಿ ಜ್ವಾಳಾ ಅಳೀತಿಯೇನು?" ಅಂತ ಅವರು ಕೇಳುವುದು ನನ್ನ ಕ್ಲಾಸಿಗೂ ಕೇಳಿಸುತ್ತಿತ್ತು. ನಮ್ಮಿಬ್ಬರ ಕೋಣೆಗಳ ನಡುವಿನ ಗೋಡೆ ಮಾಳಿಗೆಗೆ ಮುಟ್ಟಿರಲಿಲ್ಲ. ಅಲ್ಲಿಯ ಮಾತೆಲ್ಲ ಇಲ್ಲಿಗೆ, ಇಲ್ಲಿಯದೆಲ್ಲ ಅಲ್ಲಿಗೆ.

ಆ ಗೋಡೆಯ ಮೇಲಿಂದಲೇ ನನಗೆ ಮೊದಲು ಸಂಶಯ ಬಂದದ್ದು. ಒಬ್ಬ ಹುಡುಗಿ ಪಾಠ ಓದುತ್ತಿದ್ದಳು. ಸೇರ್ ಅಂದಳು, ಸಹರ್ ಅಂದಳು, ಸಾಮ್ ಅಂದಳು. ಬಾಯಾರು ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಅಂತ ನಾನು ಇಲ್ಲಿ ಸೀಮೆಸುಣ್ಣ ಹಿಡಿದು ಕಾದೆ. "ಶಾಬಾಶ್. ಮುಂದಿನಾಕಿ ಓದು" ಅಂದರು.

ಬಾಯಾರ ಕಿವಿ ಮಂದವಾಗಿದೆಯೆಂದು ಹುಡುಗಿಯರಿಗೆ ಗೊತ್ತಾಗಲು ತಡವಾಗಲಿಲ್ಲ. ಹಿಂದಿನ ಬೆಂಚಿನವರು ಆಡಿಕೊಳ್ಳತೊಡಗಿದರು. ಒಂದು ದಿನ ಇಡೀ ಕ್ಲಾಸು ಸೇರಿ ಒಂದು ಆಟ ಹೂಡಿತು. ಕವಿತೆ ಎಲ್ಲರೂ ಕೂಡಿ ಹೇಳಬೇಕಿತ್ತು. ಎರಡು ಸಾಲು ಜೋರಾಗಿ ಹೇಳಿದರು. ಮೂರನೆಯ ಸಾಲಿನಿಂದ ಬಾಯಿ ಮಾತ್ರ ಆಡಿಸಿದರು, ಧ್ವನಿ ಇಲ್ಲ. ಈ ಕಡೆ ನನಗೆ ಒಮ್ಮೆಲೇ ಆ ಕೋಣೆ ಖಾಲಿಯಾದಂತೆ ಅನ್ನಿಸಿತು. ಆಮೇಲೆ ಬಾಯಾರು ನನ್ನ ಬಾಗಿಲಲ್ಲಿ ನಿಂತಿದ್ದರು. ಮುಖ ಸುಣ್ಣದಂತಾಗಿತ್ತು.

"ಏನರೆ ಮಾತಾಡವಾ" ಅಂದರು.

"ಯಾಕ್ರಿ ಬಾಯಾರ, ಏನಾತ್ರಿ?"

ಅವರು ಕಣ್ಣು ಮುಚ್ಚಿಕೊಂಡರು. "ಇನ್ನೊಮ್ಮೆ."

"ಏನಾತ್ರಿ ಅಂದೆ."

"ಕೇಳಸ್ತೈತಿ" ಅಂದರು. "ನಿನ್ನ ಮಾತು ಕೇಳಸ್ತೈತಿ." ತಿರುಗಿ ತಮ್ಮ ಕ್ಲಾಸಿನ ಕಡೆ ನೋಡಿದರು. ಆಗ ಅವರಿಗೆ ಹುಡುಗಿಯರ ಆಟ ತಿಳಿಯಿತು. ಆ ಕಡೆಯಿಂದ ಹುಡುಗಿಯರು ನಗು ತಡೆದುಕೊಳ್ಳುವ ಸಪ್ಪಳ ನನಗೆ ಕೇಳುತ್ತಿತ್ತು, ಅವರಿಗಿಲ್ಲ. ತಿರುಗಿ ಹೋಗಿ ಯಾರನ್ನೂ ಹೊಡೆಯಲಿಲ್ಲ. "ಇವತ್ತ ನೀವು ನನಗ ಅಂಜಿಕಿ ಹಾಕಿದ್ರಿ" ಅಂದರಷ್ಟೇ. ಮರುದಿನ ಆ ಕ್ಲಾಸಿನ ಹುಡುಗಿಯರಲ್ಲಿ ಕೆಲವರು ಅಳುತ್ತ ಸ್ಟಾಫ್ ರೂಮಿಗೆ ಬಂದರು. ಬಾಯಾರು ಅವರನ್ನು ತಿರುಗಿಯೂ ನೋಡಲಿಲ್ಲ. ಕ್ಷಮಿಸುವುದು ಅವರಿಗೆ ಸುಲಭಕ್ಕೆ ಬರುತ್ತಿರಲಿಲ್ಲ. ಇದನ್ನೂ ಹೇಳಬೇಕು.

ಬೆಳಗಾವಿಯ ಕಿವಿ ಡಾಕ್ಟರ ಹತ್ತಿರ ನಾನೇ ಜೊತೆಗೆ ಹೋದೆ. ಒಳಗಿವಿಯ ನರ ಸೊರಗುತ್ತಿದೆ, ಎರಡೂ ಕಡೆ, ಔಷಧವಿಲ್ಲ ಅಂದರು. ಇಂಥ ಕಿವುಡಿನಲ್ಲಿ ಮೊದಲು ಹೋಗುವುದು ತೆಳು ಧ್ವನಿಗಳು. ಹಕ್ಕಿಯ ದನಿ, ಗಡಿಯಾರದ ಟಿಕ್ ಟಿಕ್, ಮಾತಿನಲ್ಲಿ ಸ, ಶ, ಫ. ಬಾಯಾರು ಡಾಕ್ಟರ ತುಟಿಯನ್ನೇ ನೋಡುತ್ತಿದ್ದರು. ಹೊರಗೆ ಬಂದ ಮೇಲೆ, "ಬರೋಬ್ಬರಿ ನನ್ನ ಸ, ಶ ನೋಡಿ ಒಯ್ಯಾಕತ್ತೈತಿ" ಅಂದರು.

ಅಣ್ಣ ಕಿವಿಯ ಯಂತ್ರ ಕೊಡಿಸಿದ. ಜೇಬಿನಲ್ಲಿ ಇಡುವ ಡಬ್ಬಿ, ಅದರಿಂದ ಕಿವಿಗೊಂದು ವೈರು. ಕ್ಲಾಸಿನಲ್ಲಿ ಅದು ಬೆಂಚು ಎಳೆಯುವುದನ್ನು, ಸೆರಗು ಉಜ್ಜುವುದನ್ನು, ಫ್ಯಾನಿನ ಗರಗರವನ್ನು ತಂದು ಕಿವಿಗೆ ಸುರಿಯುತ್ತಿತ್ತು. ಮಾತನ್ನು ಬಿಟ್ಟು ಎಲ್ಲವನ್ನೂ. ನಡುನಡುವೆ ಸೀಟಿ ಹೊಡೆಯುತ್ತಿತ್ತು. ಒಂದು ವಾರ ಹಾಕಿದರು, ಆಮೇಲೆ ಟ್ರಂಕಿಗೆ ಸೇರಿಸಿದರು.

ನನ್ನ ವಿಜ್ಞಾನದ ಕಪಾಟಿನಲ್ಲಿ ಯಾರೋ ದಾನಿಗಳು ಸಾಲಿಗೆ ಕೊಟ್ಟ ಒಂದು ಟೇಪ್‌ರೆಕಾರ್ಡರ್ ಇತ್ತು. ಅದರ ಜೊತೆಗೆ ಒಂದು ದೊಡ್ಡ ಹೆಡ್‌ಫೋನು. ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು, ಭಾರವಾದದ್ದು, ಯಾರೂ ಬಳಸದೆ ಪೆಟ್ಟಿಗೆಯಲ್ಲೇ ಇತ್ತು. ಒಂದು ದಿನ ಹಿಂದಿ ಪಾಠದ ಕ್ಯಾಸೆಟ್ ಹಾಕಿ ಅದನ್ನು ಅವರ ತಲೆಗೆ ಏರಿಸಿದೆ. ಪಾಠ ಮುಗಿಯುವವರೆಗೆ ಕೇಳಿದರು. ಆಮೇಲೆ, "ಸ ಐತಿ" ಅಂದರು. "ದೂರ ಐತಿ, ಹೊಳಿ ಆ ಕಡಿಗೆ ನಿಂತ ಒದರಿದಂಗ. ಆದ್ರ ಐತಿ."

ಧ್ವನಿ ಸಾಲುತ್ತಿರಲಿಲ್ಲ. ಗುಂಡಿ ಕೊನೆಗೆ ತಿರುಗಿಸಿದರೂ ಅಷ್ಟೇ. ಇದಕ್ಕೆ ಬೇರೆ ಆಂಪ್ಲಿಫೈಯರ್ ಬೇಕೇನು ಅಂತ ಕೇಳಿದರು. ನಾನು ಓದಿದ್ದನ್ನು ಹೇಳಿದೆ: ಹೆಡ್‌ಫೋನು ಅಂದರೆ ಸಣ್ಣ ಸ್ಪೀಕರು, ಕಿವಿಗೇ ಅಂಟಿ ಕೂಡುವುದರಿಂದ ಅದಕ್ಕೆ ಹೆಚ್ಚು ಶಕ್ತಿ ಬೇಕಾಗುವುದಿಲ್ಲ, ಟೇಪ್‌ರೆಕಾರ್ಡರಿನ ಒಳಗೆ ಆಂಪ್ಲಿಫೈಯರ್ ಇದ್ದೇ ಇರುತ್ತದೆ. ಸ್ಟಾಫ್ ರೂಮಿನಲ್ಲಿ ಇದರ ಮೇಲೆ ಎರಡು ದಿನ ವಾದ ನಡೆಯಿತು. ಗಣಿತದವರು ಬೇಕು ಅಂದರು, ದೊಡ್ಡ ಹೆಡ್‌ಫೋನಿಗೆ ಸಣ್ಣ ಟೇಪಿನ ತಾಕತ್ತು ಸಾಲದು ಅಂತ. ಹೆಡ್‌ಮಾಸ್ತರು ಇದೆಲ್ಲ ದಂಡದ ಖರ್ಚು ಅಂದರು. ಬಾಯಾರು ಎಲ್ಲರ ತುಟಿಗಳನ್ನು ಒಂದೊಂದಾಗಿ ನೋಡುತ್ತ ಕುಳಿತಿದ್ದು, ಕಡೆಗೆ ಎದ್ದು ನಿಂತು, "ಹೆಡ್‌ಫೋನಿಗೆ ಬೇಕೋ ಬ್ಯಾಡೋ ನನಗ ತಿಳೀದು. ನನ್ನ ಕಿವಿಗೆ ಬೇಕಾಗೇತಿ" ಅಂದು ಕ್ಲಾಸಿಗೆ ಹೋದರು. ವಾದ ಅಲ್ಲಿಗೆ ಮುಗಿಯಿತು.

ಗೋಕಾಕದಲ್ಲಿ ಮದುವೆ ಮುಂಜಿಗೆ ಮೈಕ್‌ಸೆಟ್ ಬಾಡಿಗೆ ಕೊಡುವ ಅಂಗಡಿಯೊಂದಿತ್ತು. ಅಲ್ಲಿಯ ಮಾಲೀಕನಿಗೆ ನಮ್ಮ ಬೇಡಿಕೆ ವಿಚಿತ್ರವಾಗಿ ಕಂಡಿತು. ಟೇಪು ಕೇಳುವುದಕ್ಕಲ್ಲ, ಎದುರಿಗಿದ್ದವರು ಮೈಕಿನಲ್ಲಿ ಮಾತಾಡಬೇಕು, ಅದು ಹೆಡ್‌ಫೋನಿನಲ್ಲಿ ಇವರಿಗೊಬ್ಬರಿಗೇ ಕೇಳಬೇಕು. "ಮಂದಿಯೆಲ್ಲಾ ಊರಿಗೆ ಕೇಳಸ್ಲಿ ಅಂತ ಬರತಾರ್ರಿ ನನ್ನ ಕಡೆ" ಅಂದು ನಕ್ಕ. ಆದರೂ ಮಾಡಿಕೊಟ್ಟ. ತಗಡಿನ ಪೆಟ್ಟಿಗೆ, ಊಟದ ಡಬ್ಬಿಯಷ್ಟು. ಕರೆಂಟು ಹೋದರೂ ನಡೆಯಲೆಂದು ಬ್ಯಾಟರಿ. ಎರಡು ಗುಂಡಿ: ಒಂದು ಧ್ವನಿಗೆ, ಇನ್ನೊಂದು ತೆಳು ಧ್ವನಿಯನ್ನು ಮಾತ್ರ ಎತ್ತಿ ಕೊಡಲು.

ಅದನ್ನು ತಗೊಂಡು ಮತ್ತೆ ಬೆಳಗಾವಿಗೆ ಹೋದೆವು. ಡಾಕ್ಟರು ಹೆಡ್‌ಫೋನನ್ನು ತಾವೇ ಹಾಕಿಕೊಂಡು ನೋಡಿ ಕೂಡಲೇ ತೆಗೆದರು. "ಕಿವಿಯಲ್ಲಿ ಉಳಿದಿರೋದೇ ಸ್ವಲ್ಪ, ಬಾಯಾರೇ. ಇಷ್ಟು ಜೋರಾಗಿ ದಿನಾ ಬಡಿದರೆ ಅದು ಬೇಗ ಮುಗಿದುಹೋಗುತ್ತೆ. ಮೆಲ್ಲಗೆ, ಆಗೊಮ್ಮೆ ಈಗೊಮ್ಮೆ ಬಳಸಿದರೆ ಬಹಳ ವರ್ಷ ಬರುತ್ತೆ." ನಾನು ಅದನ್ನು ಮೈಕಿನಲ್ಲಿ ಮತ್ತೊಮ್ಮೆ ಹೇಳಿದೆ. ಅವರು ಗೋಣು ಹಾಕಿದರು.

ಬಸ್ಸು ಘಟಪ್ರಭೆ ದಾಟಿತು. ಬಾಯಾರು ನನ್ನ ಕಡೆ ತಿರುಗಿ, "ಬಾಳ ವರ್ಷ ಉಳಿಸಿಕೊಂಡು ಏನ್ ಕೇಳ್ಲೆವಾ?" ಅಂದರು. "ಹುಕ್ಕೇರ್ಯಾಗ ನನಗ ಮಾತಾಡಸಾವ್ರು ಯಾರು? ಊಟಕ್ಕ ಬಾ ಅಂತಾರ. ಬಾಗಲಾ ಹಾಕ್ಕೊ ಅಂತಾರ. ಆಯಿ ಒಬ್ಬಾಕಿ ನಾಕ ಮಾತಾಡ್ತಾಳ. ಇಲ್ಲಿ ಮುಂಜಾನಿಂದ ಸಂಜೀತನಕಾ ಅರವತ್ತು ಹುಡಿಗ್ಯಾರು ನನಗ ಕೇಳಸ್ಲಿ ಅಂತನ ಬಾಯಿ ತಗೀತಾರ. ಕಿವಿ ಯಾರಿಗಿಟ್ಟ ಹೋಗ್ಲಿ?" ಆಯಿ ಅಂದರೆ ಅವರ ತಾಯಿ.

ಹಾಗೆ ಆ ಪೆಟ್ಟಿಗೆ ಕ್ಲಾಸಿಗೆ ಬಂತು. ಮೇಜಿನ ಮೇಲೆ ಮೈಕು, ಬಾಯಾರ ತಲೆಯ ಮೇಲೆ ದೊಡ್ಡ ಹೆಡ್‌ಫೋನು, ಅದರ ಮೇಲೆ ಸೆರಗು. ಓದುವ ಹುಡುಗಿ ಎದ್ದು ಬಂದು ಮೈಕಿನ ಮುಂದೆ ನಿಂತು ಓದಬೇಕು. ಮೊದಲ ದಿನ ಒಬ್ಬಾಕೆ ಸೇರ್ ಅಂದಾಗ ಆ ಹರಳು ಸಿಕ್ಕ ಮುಖ ಎಷ್ಟೋ ದಿನದ ಮೇಲೆ ಕಂಡಿತು. "ಮತ್ತ ಜ್ವಾಳಾ ಅಳಿಯಾಕ ಹ್ವಾದಿ!" ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಗೋಡೆಯ ಈ ಕಡೆ ನನ್ನ ಹುಡುಗಿಯರೂ ತಟ್ಟಿದರು. ಊರಲ್ಲಿ ನಗುವವರಿದ್ದರು. ಭೇಟಿಗೆ ಬಂದ ತಂದೆತಾಯಿಗಳ ಮುಂದೆ ಬಾಯಾರು ಮೈಕು ಹಿಡಿದರೆ ಕೆಲವರು ನಾಚಿ ಸೆರಗು ಬಾಯಿಗೆ ಇಟ್ಟುಕೊಳ್ಳುವರು. ಮಮದಾಪುರದ ಒಬ್ಬ ರೈತ ಮಾತ್ರ ಮೈಕನ್ನು ಕೈಗೆ ತಗೊಂಡು, ಮಗಳ ಓದಿನ ಮಾತು ಬಿಟ್ಟು, ಕಾಲುವೆಗೆ ನೀರು ಬಿಡದ ಸಿಟ್ಟನ್ನೆಲ್ಲ ಬಾಯಾರಿಗೆ ಭಾಷಣ ಮಾಡಿ ಹೋದ. ಬಾಯಾರು ಪೂರ್ತಿ ಕೇಳಿಸಿಕೊಂಡರು. "ಚಲೋ ಮಾತಾಡ್ತಾನ" ಅಂದರು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಸಾಲಿಗೆ ಫೋನು ಬಂತು. ಆಯಿಯದು ಕಡೆಯ ಹೊತ್ತು, ಕೂಡಲೇ ಕಳಿಸಿ ಅಂತ. ಕಿವಿ ಕೇಳದವರನ್ನು ಒಬ್ಬರನ್ನೇ ಕಳಿಸುವುದು ಬೇಡವೆಂದು ಹೆಡ್‌ಮಾಸ್ತರು ನನ್ನನ್ನೂ ಜೊತೆಗೆ ಹೊರಡಿಸಿದರು. ಪೆಟ್ಟಿಗೆ ಚೀಲದಲ್ಲಿತ್ತು, ಅದಿಲ್ಲದೆ ಅವರು ಎಲ್ಲಿಗೂ ಹೋಗುತ್ತಿರಲಿಲ್ಲ.

ಹುಕ್ಕೇರಿಯ ಆ ಮನೆಯ ಒಳಕೋಣೆ ತುಂಬಿಹೋಗಿತ್ತು. ನೆಲದ ಮೇಲೆ ಹಾಸಿಗೆಯಲ್ಲಿ ಆಯಿ, ಒಂದು ಹಿಡಿಯಷ್ಟಾಗಿದ್ದರು. ಸುತ್ತ ಕುಳಿತ ಹೆಂಗಸರು ಗಂಡಸರು ಒಂದೇ ದನಿಯಲ್ಲಿ ಜೈನರ ಣಮೋಕಾರ ಮಂತ್ರ ಹೇಳುತ್ತಿದ್ದರು. ಅಣ್ಣ ತಾಯಿಯ ಕಾಲ ಕಡೆ ಕುಳಿತು ಪಾದ ಹಿಡಿದುಕೊಂಡಿದ್ದ. ಆ ಮನೆಯಲ್ಲಿ ಆಯಿಯೂ ಅವನನ್ನು ಅಣ್ಣಾ ಅಂತಲೇ ಕರೆಯುತ್ತಿದ್ದರು. ಅವನ ಹೆಂಡತಿ, ಬಾಯಾರು ವೈನಿ ಅಂತ ಕರೆಯುತ್ತಿದ್ದವರು, ತಲೆಯ ಹತ್ತಿರ. ಬಾಯಾರು ತಾಯಿಯ ಬಾಜೂಕ್ಕೆ ಕುಳಿತರು. ಆಯಿ ಕಣ್ಣು ತೆರೆದು ಮಗಳನ್ನು ನೋಡಿದರು. ತುಟಿ ಅಲುಗಿತು. ಯಾರಿಗೂ ಏನೂ ಕೇಳಲಿಲ್ಲ. ವೈನಿ ಕಿವಿಯನ್ನು ಬಾಯಿಗೆ ಹಚ್ಚಿದರು, ಕೇಳಲಿಲ್ಲ. ಉಸಿರೇ ಹೊರತು ಧ್ವನಿ ಉಳಿದಿರಲಿಲ್ಲ.

ಬಾಯಾರು ಚೀಲ ಬಿಚ್ಚಿ ಪೆಟ್ಟಿಗೆ ತೆಗೆದರು. ವೈನಿ ಕೈ ಅಡ್ಡ ತಂದು, "ಇಂಥಾದ್ದ ಇಲ್ಲಿ ಬ್ಯಾಡವಾ" ಅಂದರು. ಬಾಯಾರು ಹೆಡ್‌ಫೋನು ಹಾಕಿಕೊಂಡರು, ಮೈಕನ್ನು ತಾಯಿಯ ತುಟಿಗೆ ಹಿಡಿದರು. ಆದರೆ ಇಡೀ ಕೋಣೆಯ ಮಂತ್ರ ಅದರೊಳಗೆ ನುಗ್ಗಿತು. ಅವರು ಮುಖ ಕಿವುಚಿದರು. "ಒಂದ ನಿಮಿಷ ನಿಲ್ಲಸ್ರಿ" ಅಂದರು. ಯಾರು ನಿಲ್ಲಿಸುತ್ತಾರೆ? ಸಾಯುವವರ ಕಿವಿಗೆ ಬೀಳಬೇಕಾದ್ದು ಅದೊಂದೇ. ಬಾಯಾರು ತಿರುಗಿ, ನಾನು ಎಂದೂ ಕೇಳದ ದನಿಯಲ್ಲಿ, "ಥಾಂಬಾ!" ಅಂದರು. ನಿಲ್ಲಿಸಿ ಅಂತ.

ಮಂತ್ರ ನಿಂತಿತು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಬಾಯಾರು ಧ್ವನಿಯ ಗುಂಡಿಯನ್ನು ಪೂರ್ತಿ ತಿರುಗಿಸಿ ಮೈಕನ್ನು ಇನ್ನೂ ಹತ್ತಿರ ತಂದರು. ಆಯಿಯ ತುಟಿ ಮತ್ತೆ ಅಲುಗಿತು, ನಿಂತಿತು, ಮತ್ತೊಮ್ಮೆ ಅಲುಗಿತು. ಬಾಯಾರ ಕಣ್ಣುಗಳು ದೊಡ್ಡದಾದವು. ಕಿವಿ ನೆಟ್ಟಗಿದ್ದ ನಮಗೆಲ್ಲ ಆ ಕೋಣೆಯಲ್ಲಿ ಏನೂ ಕೇಳಲಿಲ್ಲ. ಕೇಳಿದ್ದು ಅವರಿಗೊಬ್ಬರಿಗೇ.

"ಕಾಯ್ ಮ್ಹಣಾಲೀ? ಏನಂದ್ಲು?" ಅಣ್ಣ ಕೇಳಿದ.

ಬಾಯಾರು ಹೆಡ್‌ಫೋನು ತೆಗೆದು ಕೊರಳಿಗೆ ಇಳಿಸಿಕೊಂಡರು. "ಪಾಣೀ" ಅಂದರು. "ನೀರ ಬೇಡಿದ್ಲು."

ವೈನಿ ಚಮಚದಿಂದ ನೀರು ಹಾಕಿದರು. ಅದು ಕಟಬಾಯಿಯಿಂದ ಹೊರಗೆ ಬಂತು. ಮಂತ್ರ ಮತ್ತೆ ಶುರುವಾಯಿತು. ಹೊತ್ತು ಮುಳುಗುವ ಮೊದಲೇ ಆಯಿ ಹೋದರು.

ಎಲ್ಲ ಮುಗಿದ ಮೇಲೆ ಆ ಮನೆಯಲ್ಲಿ ಮಾತು ಹುಟ್ಟಿತು. ಒಂದು ಗುಟುಕು ನೀರಿಗಾಗಿ ಮಂತ್ರ ನಿಲ್ಲಿಸಿದಳು ಅನ್ನುವುದು ಮೊದಲನೆಯದು. ನೀರು ಅನ್ನುವುದು ಅಷ್ಟು ಉದ್ದ ಮಾತಲ್ಲ, ತುಟಿ ಎರಡು ಸಲ ಅಲುಗಿದ್ದನ್ನು ಎಲ್ಲರೂ ನೋಡಿದ್ದಾರೆ ಅನ್ನುವುದು ಎರಡನೆಯದು. ಆಯಿಯ ಬಂಗಾರದ ಪಾಟಲಿ ಬಳೆಗಳು ಎಲ್ಲಿವೆಯೆಂದು ಸೊಸೆಗೆ ತಿಳಿದಿರಲಿಲ್ಲ. ಅದನ್ನೇ ಮಗಳಿಗೆ ಹೇಳಿ ಹೋದಳು, ಇವಳು ಹೊಟ್ಟೆಯಲ್ಲಿ ಇಟ್ಟುಕೊಂಡಳು ಅಂತ ವೈನಿ ಬಂದವರ ಮುಂದೆಲ್ಲ ಆಡಿದರು. ಅಣ್ಣ ಹೆಂಡತಿಯನ್ನು ತಡೆಯಲಿಲ್ಲ. ಅವನು ತಂಗಿಯನ್ನು ಒಂದೇ ಸಲ ಕೇಳಿದನಂತೆ, "ಖರೆ ಹೇಳ, ಏನಂದ್ಲು?" ಅಂತ. "ನೀರು" ಅಂದರಂತೆ ಇವರು. ಆಮೇಲೆ ಅವನು ಮಾತು ಬಿಟ್ಟ.

ಬಾಯಾರು ಶನಿವಾರ ಹುಕ್ಕೇರಿಗೆ ಹೋಗುವುದು ನಿಂತಿತು. ನಾನು ಕೆಲವು ವಾರ ನೋಡಿ, ಒಂದು ಶನಿವಾರ ಹುಡುಗಿಯರು ಹೋದ ಮೇಲೆ ಅವರ ಕ್ಲಾಸಿಗೆ ಹೋಗಿ ಮೈಕಿನಲ್ಲಿ ಕೇಳಿದೆ. "ಊರಿಗೆ ಯಾಕ ಹೋಗವಲ್ರಿ ಬಾಯಾರ?"

ಅವರು ಹೆಡ್‌ಫೋನು ತೆಗೆದು ಮೇಜಿನ ಮೇಲೆ ಇಟ್ಟರು. ಪೆಟ್ಟಿಗೆಯನ್ನೂ ಬಂದ್ ಮಾಡಿದರು. ನಾನು ಏನು ಹೇಳಿದರೂ ತಮಗೆ ಕೇಳಬಾರದು ಅಂತ ಹಾಗೆ ಮಾಡಿದರು ಅಂತ ಆಮೇಲೆ ನನಗೆ ಹೊಳೆಯಿತು. ಕಿಟಕಿಯ ಕಡೆ ನೋಡುತ್ತ ಹೇಳಿದರು:

"ಆಯಿ ನೀರ ಬೇಡಿದ್ದಿಲ್ಲವಾ. ಅಣ್ಣಾ, ಹಿಲಾ ಸೋಡೂ ನಕೋಸ್ ಅಂದ್ಲು. ಅಣ್ಣಾ, ಈಕಿನ್ನ ಕೈಬಿಡಬ್ಯಾಡ ಅಂತ. ಎರಡ ಸಲ ಅಂದ್ಲು."

ನಾನು ಏನೋ ಅಂದೆ. ಹೇಳಬಹುದಿತ್ತಲ್ಲ ಅಂತ ಇರಬೇಕು. ಅವರು ನನ್ನ ಕಡೆ ನೋಡಲೇ ಇಲ್ಲ.

"ಅಷ್ಟ ಮಂದಿ ಮುಂದ ನಾ ಎದ್ದ ನಿಂತು, ನನ್ನ ಇಟ್ಕೋ ಅಂತ ಆಯಿ ಹೇಳ್ಯಾಳ ಅನ್ಲ್ಯಾ? ಯಾರ ನಂಬತಾರ? ಕಿವುಡಿ ತನಗ ಬೇಕಾದ್ದನ್ನ ಕೇಳಿಸ್ಕೊಂಡ್ಳು ಅಂತಾರ. ನಂಬಿದ್ರ ಇನ್ನೂ ಕೆಟ್ಟ. ಸತ್ತಾಕಿ ಮಾತಿಗೆ ಅಂಜಿ ಒಂದ ಮೂಲ್ಯಾಗ ಕುಂಡ್ರಸ್ತಾರ. ಹಂಗ ಕುಂಡ್ರಾಕ ನನಗ ಆಗೂದಿಲ್ಲ." ಹೆಡ್‌ಫೋನಿನ ವೈರನ್ನು ಸುತ್ತತೊಡಗಿದರು. "ನೀರು ಅಂದ್ರ ಯಾರಿಗೂ ತ್ರಾಸ ಇಲ್ಲ ಅಂತ ಮಾಡಿದ್ನಿ. ಅದೂ ಹಂಗ ಆಗ್ಲಿಲ್ಲ."

ನಾನು ಅವರನ್ನು ನಂಬಿದೆ. ಆದರೂ ವಿಜ್ಞಾನದವಳಲ್ಲವೇ, ಒಮ್ಮೊಮ್ಮೆ ಯೋಚಿಸಿದ್ದುಂಟು: ಅಂಥ ಕಿವಿ, ಅಂಥ ಉಸಿರಿನ ಮಾತು, ನಿಜವಾಗಿ ಅಷ್ಟು ಕೇಳಿಸಿರಬಹುದೇ? ಅದರೊಳಗೆ ಎರಡು ಸ ಇದ್ದವು. ಅವನ್ನು ಹಿಡಿಯಲೆಂದೇ ಆ ಎರಡನೆಯ ಗುಂಡಿ ಹಾಕಿಸಿದ್ದು ಅಂತ ನೆನಪಾದಾಗ ಸುಮ್ಮನಾಗುತ್ತೇನೆ.

ಆಮೇಲೆ ಅವರು ಧ್ವನಿಯ ಗುಂಡಿಯನ್ನು ಹಿಂದಕ್ಕೆ ತಿರುಗಿಸಲಿಲ್ಲ. ದಿನವಿಡೀ ಪೂರ್ತಿ ಜೋರಾಗಿಯೇ ಇಡುತ್ತಿದ್ದರು. ಹೆಡ್‌ಫೋನಿನಿಂದ ಸೋರಿದ ಧ್ವನಿ ಮುಂದಿನ ಬೆಂಚಿಗೂ ಕೇಳುತ್ತಿತ್ತಂತೆ. ನಾನು ಡಾಕ್ಟರ ಮಾತು ನೆನಪಿಸಿದರೆ, "ಈಗ ಉಳಿಸಿ ಯಾರಿಗೆ ಕೊಡ್ಲಿ" ಅನ್ನುವರು. ಬಲಗಿವಿ ಮೊದಲು ಹೋಯಿತು. ಎಡಗಿವಿ ಅದರ ಹಿಂದೆಯೇ ಹೋಯಿತು. ಒಂದು ಮುಂಜಾನೆ ಹುಡುಗಿ ಮೈಕಿನ ಮುಂದೆ ನಿಂತು ಓದುತ್ತಿದ್ದಾಗ ಬಾಯಾರು ಬ್ಯಾಟರಿ ಬದಲಿಸಿದರು. ಇನ್ನೊಮ್ಮೆ ಬದಲಿಸಿದರು. ಆಮೇಲೆ ನನ್ನನ್ನು ಕರೆಸಿದರು. ನಾನು ಹೆಡ್‌ಫೋನು ಹಾಕಿಕೊಂಡೆ. ಹುಡುಗಿಯ ದನಿ ನನ್ನ ಕಿವಿ ಹರಿಯುವಂತೆ ಬಂತು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಆ ತಿಂಗಳೇ ತಾವಾಗಿ ನಿವೃತ್ತಿಗೆ ಬರೆದುಕೊಟ್ಟರು. ಬೀಳ್ಕೊಡುಗೆ ಬೇಡ ಅಂದರು.

ಖೋಲಿಯಲ್ಲೇ ಇದ್ದರು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಅವರು ಬಾಯಿಯಿಂದ ಮಾತಾಡುವರು, ನಾನು ಪಾಟಿಯ ಮೇಲೆ ಬಳಪದಿಂದ ಬರೆಯುವೆ. ಮೊದಮೊದಲು ಒಂದು ಮಾತು ತಗೊಂಡರು. "ತನ್ನ ಮಾತು ತನಗ ಕೇಳದಾಕಿದು ಮಾತು ಕೆಡತೈತಿ. ನಂದು ಕೆಟ್ಟಾಗ ನನಗ ಹೇಳಬೇಕ ನೀ. ಬ್ಯಾರೆಯವ್ರು ನಕ್ಕ ಮ್ಯಾಲ ತಿಳೀಬಾರ್ದು."

ಕೆಟ್ಟಿತು. ಒಂದೂವರೆ ವರ್ಷದಲ್ಲಿ ಅವರ ಶ ಮತ್ತು ಸ ಎರಡೂ ಸವೆದು ಒಂದು ಬರೀ ಗಾಳಿಯಾದವು. ದನಿ ಒಮ್ಮೆ ಏರುವುದು, ಒಮ್ಮೆ ಕುಸಿಯುವುದು. ನಾನು ಕೆಲವು ವಾರ ಸುಮ್ಮನಿದ್ದು ನೋಡಿದೆ. ಆದರೆ ಮಾತು ಕೊಟ್ಟಿದ್ದೆ. ಒಂದು ಭಾನುವಾರ ಪಾಟಿಯ ಮೇಲೆ, "ಬಾಯಾರ, ಸ ಹೋಗೇತ್ರಿ" ಅಂತ ಬರೆದು ತೋರಿಸಿದೆ.

ಓದಿದರು. ಪಾಟಿಯನ್ನು ಸೆರಗಿನಿಂದ ಒರೆಸಿದರು. ನನ್ನ ಕೈಯಿಂದ ಬಳಪ ತಗೊಂಡು, "ಚಲೋ ಆತು ಹೇಳಿದ್ದು" ಅಂತ ಬರೆದರು. ಅಂದಿನಿಂದ ಅವರು ಬಾಯಿಯಿಂದ ಒಂದು ಅಕ್ಷರ ಆಡಿದ್ದನ್ನು ಯಾರೂ ಕೇಳಲಿಲ್ಲ. ಕಿರಾಣಿ ಅಂಗಡಿಯಲ್ಲಿ ಬೆರಳು ತೋರಿಸುವರು. ಹಾಲಿನವಳಿಗೆ ಕೈಸನ್ನೆ. ಕಡೆಯ ಆ ಮುಂಜಾನೆ ಎದೆ ಹಿಡಿದಾಗಲೂ ಅವರು ಕೂಗಿರಲಿಕ್ಕಿಲ್ಲ ಅಂತ ನಾನು ಅಂದದ್ದು ಅದಕ್ಕೇ.

ಅವರು ಹೋಗಿ ಕೆಲವು ದಿನಗಳಾದ ಮೇಲೆ ಖೋಲಿ ಖಾಲಿ ಮಾಡಲು ಅಣ್ಣ ಟೆಂಪೋ ತಗೊಂಡು ಬಂದ. ಮನೆಯ ಮಾಲೀಕರು ನನಗೂ ಹೇಳಿ ಕಳಿಸಿದ್ದರು. ಅಣ್ಣನಿಗೆ ಬಹಳ ವಯಸ್ಸಾಗಿತ್ತು. ಹಾಸಿಗೆ ಸುತ್ತಿಟ್ಟ ಬರೀ ಮಂಚದ ಬಾಜೂಕ್ಕೆ ನಿಂತು ಖೋಲಿಯನ್ನು ನೋಡುತ್ತಿದ್ದ.

"ಒಮ್ಮೆ ಬಂದಿದ್ನಿರಿ ಬಾಯಾರ, ಹ್ವಾದ ವರ್ಷ" ಅಂದ. "ಬಾಗಲಾ ಬಡದೆ ಬಡದೆ. ಒಳಗ ದೀಪ ಇತ್ತು. ತಗೀಲಿಲ್ಲ. ಇನ್ನೂ ಸಿಟ್ಟ ಐತಿ ಅಂತ ತಿರಗಿ ಹ್ವಾದೆ."

"ಅವರಿಗೆ ಕೇಳ್ತಿದ್ದಿಲ್ರಿ" ಅಂದೆ.

"ಪೆಟಗಿ ಇತ್ತಲ್ರಿ?"

"ಪೆಟಗಿ ಹಾಕ್ಕೊಂಡ್ರೂ ಕೇಳ್ತಿದ್ದಿಲ್ರಿ. ಎರಡೂ ಕಿವಿ ಹೋಗಿ ಬಾಳ ದಿನಾ ಆಗಿತ್ತು."

ಅವನಿಗೆ ಅದು ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಟೆಂಪೋದವನು ಬಾಗಿಲಲ್ಲಿ ಬಂದು ನಿಂತ. ಅಣ್ಣ ಅವನಿಗೆ ಕೈಯಿಂದ ತಡೆ ಅಂತ ಸನ್ನೆ ಮಾಡಿದ. ಆಮೇಲೆ ನನ್ನ ಹತ್ತಿರ ಬಂದು, ದನಿ ಇಳಿಸಿ ಕೇಳಿದ.

"ಆವತ್ತ ನೀವೂ ಇದ್ರಿ. ಪಾಟಲಿ ಬಿಡ್ರಿ, ಅದರ ಗೊಡವಿ ನನಗೆಂದೂ ಇದ್ದಿಲ್ಲ. ಆಯಿ ನನ್ನ ಹೆಸರ ತಗದ್ಲೋ ಇಲ್ಲೋ, ಅಷ್ಟ ಬೇಕಾಗಿತ್ರಿ ನನಗ. ತಗದಿದ್ರ ಈಕಿ ಯಾಕ ಮುಚ್ಚಿಟ್ಳು ಅಂತ ಇಷ್ಟ ವರ್ಷ ಹೊಟ್ಟ್ಯಾಗ ಉರೀತಿತ್ತು. ನಿಮಗೇನರೆ ಹೇಳಿದ್ಲೇನ್ರಿ?"

ಹೇಳಬೇಕೋ ಬೇಡವೋ ಅಂತ ನಾನು ಬಹಳ ಯೋಚಿಸಲಿಲ್ಲ. ಇನ್ನು ಯಾರ ಮಾನವೂ ಉಳಿಸುವುದು ಇರಲಿಲ್ಲ. ನನಗೆ ಬರುವ ಮರಾಠಿಯಲ್ಲಿ, ಬಾಯಾರು ಹೇಳಿದ್ದ ಹಾಗೆಯೇ ಹೇಳಿದೆ. "ಅಣ್ಣಾ, ಹಿಲಾ ಸೋಡೂ ನಕೋಸ್ ಅಂದಿದ್ರಂತ್ರಿ. ಎರಡ ಸಲ."

ಅವನು ಮಂಚದ ಮೇಲೆ ಕುಳಿತ.

"ಅಣ್ಣಾ ಅಂದಿದ್ಲೇನ್ರಿ?"

"ಹೌದ್ರಿ."

ಅವನು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಏನನ್ನೋ ಹಿಡಿದಿದ್ದಂತೆ ಅವನ್ನೇ ನೋಡುತ್ತ ಕುಳಿತ. "ನಾ ಅಲ್ಲೇ ಇದ್ದೆ ನೋಡ್ರಿ" ಅಂದ. "ಕಾಲ ಹಿಡಕೊಂಡ ಕುಂತಿದ್ದೆ. ನನಗ ಕೇಳಲಿಲ್ಲ."